ಅಪ್‌ಡೇಟ್: ಮನೆಯ ಕರೋಕೆಗೆ ಕೊನೆಗೂ ಆರಿಸಿಕೊಂಡ ವ್ಯವಸ್ಥೆ

ಮೈಕ್ ಜೊತೆಗೇ ಬರುವ ಬ್ಲೂಟೂತ್ ಸ್ಪೀಕರ್ ಸಾಕೇ, ಇಲ್ಲವೇ ಮಿಕ್ಸರ್ (ಮೈಕ್‌ನ ದನಿಯನ್ನೂ ಸಂಗೀತವನ್ನೂ ಬೆರೆಸುವ ಸಾಧನ) ಮತ್ತು ಸ್ಪೀಕರ್‌ಗಳನ್ನು ಬೇರೆಬೇರೆಯಾಗಿ ಕೊಳ್ಳಬೇಕೇ ಎಂದು ಹಿಂದೆ ಕೇಳಿದ್ದೆ, ಎರಡನೆಯದನ್ನೇ ಕೊಂಡೆ. ಮೊದಲನೆಯದನ್ನು ಪರೀಕ್ಷಿಸಿದಾಗ, ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿರುವ 100ರಿಂದ 200 ಮಿಲಿಸೆಕೆಂಡ್‌ಗಳಷ್ಟು ವಿಳಂಬದಿಂದಾಗಿ ಸಂಗೀತ ಹಿಂದುಳಿದು, ಪರದೆಯ ಮೇಲಿನ ಹಾಡಿನ ಸಾಲುಗಳು ಮುಂದೋಡುತ್ತಿದ್ದವು. ಈಗ ಟಿವಿಯಿಂದ ಮಿಕ್ಸರ್‌ಗೆ ನೇರವಾಗಿ ಕೇಬಲ್ ಹಾಕಿರುವುದರಿಂದ ಆ ತೊಂದರೆಯಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು, ಸ್ಪೀಕರ್‌ನಿಂದ ಬಂದ ಶಬ್ದವನ್ನೇ ಮೈಕ್ ಮತ್ತೆ ಹಿಡಿದು ಕೀರಲು ಸದ್ದು ಮಾಡುವುದು. ಕಾರ್ಡಿಯಾಯ್ಡ್ ಮಾದರಿಯ ಡೈನಾಮಿಕ್ ಮೈಕ್ ಹಿಂಬದಿಯ ಶಬ್ದವನ್ನು ಬಹಳ ಕಡಿಮೆ ಹಿಡಿಯುವುದರಿಂದ, ಹಾಡುವವರ ಬೆನ್ನ ಹಿಂದಿದ್ದ ಸ್ಪೀಕರ್‌ಗಳನ್ನು ಅವರ ಎದುರಿಗೆ, ಮೈಕ್‌ನ ಹಿಂಬದಿಯು ಸ್ಪೀಕರ್‌ಗಳತ್ತ ಇರುವಂತೆ ಇಟ್ಟೆ, ದನಿಗೆ ಸೇರಿಸುವ ಎಕೋವನ್ನೂ (ಪ್ರತಿಧ್ವನಿ) ತಗ್ಗಿಸಿದೆ. ಅಂದಿನಿಂದ ಕೀರಲು ನಿಂತಿದೆ, ಮತ್ತು (ನನಗೆ ಇದೇ ದೊಡ್ಡ ಸಂತೋಷ) ಮೆಲುದನಿಯವರ ಹಾಡೂ ಸ್ಪಷ್ಟವಾಗಿ ಕೇಳುತ್ತಿದೆ.