ಸ್ಲಡ್ಜ್, ಬಯೋಸಾಲಿಡ್ಸ್: ಎರಡಕ್ಕೂ ‘ಕೆಸರು’ ಅಂದರೆ ಸಾಕಾ?

ಗೆಳೆಯರೇ,

ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ ನೀರು ತಿಳಿಯಾಗಿ ಹೊರಗೆ ಹೋದ ಮೇಲೆ ತಳದಲ್ಲಿ ಒಂದಿಷ್ಟು ಉಳಿಯುತ್ತದಲ್ಲ, ಅದನ್ನು ಗೊಬ್ಬರ ಮಾಡುವ ಬಗ್ಗೆ ರೈತರಿಗೊಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಪದ. ತಳದಿಂದ ಎತ್ತಿದಾಗ ಸ್ಲಡ್ಜ್. ಕೊಳೆಸಿ, ಒಣಗಿಸಿ, ರೋಗಾಣು ತಗ್ಗಿಸಿ ಹೊಲಕ್ಕೆ ಹಾಕುವ ಹಾಗಾದ ಮೇಲೆ ಬಯೋಸಾಲಿಡ್ಸ್. ನಾನು ನೋಡಿದ ಅನುವಾದಗಳಲ್ಲಿ ಮೊದಲನೆಯದು ‘ಕೆಸರು’, ಎರಡನೆಯದು ‘ಜೈವಿಕ ಘನವಸ್ತು’. ಎರಡನೆಯದನ್ನು ಹೊಲದ ಬದುವಿನ ಮೇಲೆ ನಿಂತು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

‘ಕೆಸರು’ ನನಗೆ ಒಪ್ಪುತ್ತಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಜನ ನಾವು. ಕೆಸರು ಅಂದರೆ ನಾಟಿ ಗದ್ದೆ ಕಣ್ಣಿಗೆ ಬರುತ್ತದೆ, ಹೆದರಿಕೆ ಬರುವುದಿಲ್ಲ. ಆದರೆ ಇಲ್ಲಿ ಸ್ವಲ್ಪ ಹೆದರಿಕೆ ಬೇಕು. ಬೆಂಗಳೂರಿನ ಸುತ್ತಮುತ್ತ ಪಾಯಿಖಾನೆ ಗುಂಡಿ ಖಾಲಿ ಮಾಡುವ ಟ್ಯಾಂಕರ್‌ಗಳು ಎಷ್ಟೋ ಸಲ ನೇರವಾಗಿ ಬಾಳೆ, ತೆಂಗಿನ ತೋಟಕ್ಕೇ ಸುರಿಯುತ್ತವೆ. ಬೆಳೆ ಚೆನ್ನಾಗಿಯೇ ಬರುತ್ತದೆ. ಆದರೆ ಹಸಿ ಮಲದಲ್ಲಿರುವ ದುಂಡುಹುಳುವಿನ (ಕರುಳಿನಲ್ಲಿ ಬೆಳೆಯುವ ಜಂತು) ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ, ಗುಂಡಿಯ ಮಲ ಸಂಸ್ಕರಿಸುವ ಘಟಕದ ದಾರಿ ಬೇರೆ. ಟ್ಯಾಂಕರ್ ತಂದದ್ದನ್ನು ಮೊದಲು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸುತ್ತಾರೆ, ಆಮೇಲೆ ಒಣಗಿಸುವ ಹಾಸಿನ ಮೇಲೆ ಹರಡುತ್ತಾರೆ. ಒಣಗಿದ್ದನ್ನು ಊರಿನ ಹಸಿ ಕಸದ ಜೊತೆ ಸೇರಿಸಿ ಗುಡ್ಡೆ ಹಾಕುತ್ತಾರೆ. ಇಂಥ ಗುಡ್ಡೆಯ ಒಳಗಿನ ಕಾವು 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಆ ಮೊಟ್ಟೆಗಳೂ ಸಾಯುತ್ತವೆ. ಟ್ಯಾಂಕರಿನಲ್ಲಿ ಬಂದದ್ದಕ್ಕೂ ಚೀಲದಲ್ಲಿ ಹೋಗುವುದಕ್ಕೂ ಒಂದೇ ಹೆಸರಿಟ್ಟರೆ ಹೇಗೆ?

ಹಸಿಯದ್ದಕ್ಕೆ ನನ್ನ ಮನಸ್ಸು ‘ಬಗ್ಗಡ’ದ ಕಡೆಗಿದೆ. ಗೋಬರ್ ಗ್ಯಾಸ್ ಇಟ್ಟವರಿಗೆ ಈ ಪದ ಗೊತ್ತು, ತೊಟ್ಟಿಯ ಸಗಣಿ ನೀರಿಗೆ ಹಾಗನ್ನುತ್ತಾರೆ. ‘ರಾಡಿ’ಯೂ ಆಗುತ್ತಿತ್ತು, ಆದರೆ ಉತ್ತರ ಕರ್ನಾಟಕದಲ್ಲಿ ಮಳೆ ಬಂದರೆ ಬೀದಿಯೆಲ್ಲಾ ರಾಡಿಯೇ. ‘ಮಡ್ಡಿ’ ಅಂದರೆ ಎಣ್ಣೆ ನೆನಪಾಗುತ್ತದೆ, ‘ಚರಟ’ ಅಂದರೆ ಕಾಫಿ. ‘ಗಸಿ’ ಅಂದರೂ ತಳದ ಚರಟವೇ, ಆದರೆ ಮಂಗಳೂರಿನವರಿಗೆ ಅದು ಊಟದ ಸಾರು, ತಟ್ಟೆ ಹಿಡಿದುಕೊಂಡು ಬರುತ್ತಾರೆ!

ಹದವಾದ ಮಾಲಿಗೆ ‘ಗೋಡು’ ಅಂದರೆ ಹೇಗೆ? ಕೆರೆಯೊಳಗೆ ಇರುವಷ್ಟು ದಿನ ಅದು ಹೂಳು, ನೀರಿನ ಜಾಗ ತಿನ್ನುವ ಶನಿ. ಬೇಸಿಗೆಯಲ್ಲಿ ಅದನ್ನೇ ಅಗೆದು ಗಾಡಿಗೆ ತುಂಬಿ ಹೊಲಕ್ಕೆ ಹೊಡೆದರೆ ಗೋಡು. ಬೇಡದ್ದು ಬೇಕಾದದ್ದಾಗುವ ಹೊತ್ತಿಗೆ ಪದವೂ ಬದಲಾಗುವುದು ನಮ್ಮಲ್ಲಿ ಮೊದಲಿಂದಲೂ ಇದೆ. ‘ಕೊಳಚೆಗೋಡು’ ಅಂದರೆ ಎಲ್ಲಿಂದ ಬಂತು ಎನ್ನುವುದೂ ಮುಚ್ಚಿಹೋಗುವುದಿಲ್ಲ.

ಮುಚ್ಚಿಹೋಗಬಾರದು ಅನ್ನುವುದಕ್ಕೆ ಕಾರಣ ಇದೆ. ‘ಬಯೋಸಾಲಿಡ್ಸ್’ ತಾನಾಗಿ ಹುಟ್ಟಿದ ಪದವಲ್ಲ. ಸ್ಲಡ್ಜ್ ಅಂದರೆ ಜನ ಮೂಗು ಮುರಿಯುತ್ತಾರೆ ಅಂತ ಅಮೆರಿಕದ ಕೊಳಚೆನೀರು ತಜ್ಞರ ಸಂಘ 1990ರ ದಶಕದ ಆರಂಭದಲ್ಲಿ ಸದಸ್ಯರಿಂದಲೇ ಹೆಸರು ಕೇಳಿ ಆರಿಸಿದ್ದು. ಅದಕ್ಕೂ ಹಿಂದೆ, 1926ರಿಂದಲೇ, ಅಲ್ಲಿನ ಮಿಲ್ವಾಕೀ ನಗರ ತನ್ನ ಕೊಳಚೆಯ ಗೊಬ್ಬರವನ್ನು ‘ಮಿಲೋರ್ಗನೈಟ್’ ಅಂತ ಮಾರುತ್ತಿದೆ. ಊರಿನ ಹೆಸರು, ಆರ್ಗ್ಯಾನಿಕ್, ನೈಟ್ರೋಜನ್ ಮೂರನ್ನೂ ಕತ್ತರಿಸಿ ಅಂಟಿಸಿದ ಹೆಸರು. ಜಾಣತನವೇ. ಆದರೆ ಕಾರ್ಖಾನೆಯಿಂದ ಬಂದ ಭಾರಲೋಹ, ಕೊಳೆಯದ ರಾಸಾಯನಿಕ ಹೆಸರು ಬದಲಾದ ಕೂಡಲೇ ಹೋಗುವುದಿಲ್ಲ. ಅಮೆರಿಕದ ಮೇನ್ ರಾಜ್ಯ 2022ರಲ್ಲಿ ಬಯೋಸಾಲಿಡ್ಸ್ ಹೊಲಕ್ಕೆ ಹಾಕುವುದನ್ನೇ ನಿಷೇಧಿಸಿತು. ಸುಮ್ನೆ ‘ಸಾವಯವ’ ಅಂತ ಚೀಲದ ಮೇಲೆ ಬರೆಯಲು ನನಗೆ ಧೈರ್ಯವಿಲ್ಲ.

ಇನ್ನೊಂದು ಪದ ಸ್ಟ್ರುವೈಟ್. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಘಟಕದ ಪೈಪುಗಳಲ್ಲಿ ಕಟ್ಟಿಕೊಳ್ಳುವ ಹರಳು. ಈಗ ಕೆಲವು ಕಡೆ ಬೇಕೆಂದೇ ಅದನ್ನು ಕಟ್ಟಿಸಿ, ನಿಧಾನವಾಗಿ ಕರಗುವ ರಂಜಕದ ಗೊಬ್ಬರವಾಗಿ ಮಾರುತ್ತಾರೆ. ಈ ಪದವನ್ನು ಅನುವಾದಿಸದೆ ಹಾಗೇ ಬಿಡುವುದು ವಾಸಿ, ಅಲ್ವಾ?

ನನಗೆ ಜಾಸ್ತಿ ಬೇಕಿರುವುದು ಊರೂರಿನ ಬಳಕೆ. ಕೆರೆ ಕಡಿಮೆ ಇರುವ ಕರಾವಳಿಯಲ್ಲಿ ‘ಗೋಡು’ ಅಂದರೆ ಅರ್ಥವಾಗುತ್ತದಾ? ಬೀದರ್, ಕಲಬುರಗಿ ಕಡೆ ಕೆರೆಮಣ್ಣು ಹೊಲಕ್ಕೆ ಹೊಡೆಯುವಾಗ ಏನಂತಾರೆ? ‘ಬಗ್ಗಡ’ಕ್ಕೆ ನಿಮ್ಮಲ್ಲಿ ಬೇರೆ ಅರ್ಥ ಇದ್ದರೆ ಅದನ್ನೂ ತಿಳಿಸಿ.