ಆಪರೇಷನ್ ವೇಳೆ ಅಲ್ಟ್ರಾಸೌಂಡ್‌ನಲ್ಲಿ ಬೆನ್ನುಹುರಿ ಪೂರ್ತಿ ಬೆಳ್ಳಗೆ ಕಾಣುತ್ತಿದೆ, ಏನು ನೋಡಬೇಕು?

ನ್ಯೂರೋಪಿಜಿ:
ನಮಸ್ಕಾರ ಎಲ್ಲರಿಗೂ. ನ್ಯೂರೋಸರ್ಜರಿ ಓದುತ್ತಿದ್ದೇನೆ. ಎದೆಭಾಗದ ಬೆನ್ನುಮೂಳೆ ಮುರಿದು ಹುರಿಗೆ ಪೆಟ್ಟಾದವರಿಗೆ ಲ್ಯಾಮಿನೆಕ್ಟಮಿ (ಬೆನ್ನುಮೂಳೆಯ ಹಿಂಭಾಗ ತೆಗೆಯುವ ಆಪರೇಷನ್) ಮಾಡಿದ ಮೇಲೆ, ಒತ್ತಡ ನಿಜಕ್ಕೂ ಬಿಟ್ಟಿದೆಯಾ ಅಂತ ನೋಡಲು ಗಾಯದಲ್ಲಿ ಸಲೈನ್ (ಉಪ್ಪುನೀರು) ತುಂಬಿ ಅಲ್ಟ್ರಾಸೌಂಡಿನ ಲೀನಿಯರ್ ಪ್ರೋಬ್ ಹಿಡಿಯುತ್ತೇವೆ. 12 ಮೆಗಾಹರ್ಟ್ಸ್. ಹುರಿ ಕಪ್ಪಗೆ ಕಾಣಬೇಕು, ಮಧ್ಯದಲ್ಲೊಂದು ಬಿಳಿ ಗೆರೆ ಇರಬೇಕು ಅಲ್ವಾ? ನಮಗೆ ಪೂರ್ತಿ ಬೆಳ್ಳಗೆ ಬರುತ್ತಿದೆ. ಮಧ್ಯದ ಗೆರೆ ಇಲ್ಲ, ಆದರೆ ಹುರಿಯ ಕೆಳಭಾಗದಲ್ಲಿ ಬೇರೊಂದು ಗೆರೆ ಕಾಣುತ್ತದೆ. ಗೇನ್ (ಇಡೀ ಚಿತ್ರದ ಬೆಳಕು) ಇಳಿಸಿದರೆ ಹುರಿಯ ಸುತ್ತಲಿನ ಪೊರೆ ಡ್ಯೂರಾ ಕೂಡ ಮಾಯ. ರಕ್ತ ಕಟ್ಟಿದೆಯಾ, ಮೆಷಿನ್ನಿನ ತೊಂದರೆಯಾ?

ಶಬ್ದತರಂಗ:
ಡಾಕ್ಟ್ರೇ, ರಕ್ತ ಅನ್ನುವ ಮೊದಲು ಶಬ್ದ ಹೋಗುವ ದಾರಿ ನೋಡಿ. ಸಲೈನ್ ಶಬ್ದವನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಮೆಷಿನ್ನಿಗೆ ಅದು ಗೊತ್ತಿಲ್ಲ, ಮೇಲೆ ಮಾಂಸ ಇದೆ ಅಂದುಕೊಂಡು ಆಳದಿಂದ ಬರುವ ಪ್ರತಿಧ್ವನಿಯನ್ನು ಜಾಸ್ತಿ ಮಾಡಿ ತೋರಿಸುತ್ತದೆ, ಅದಕ್ಕೇ ಸಲೈನ್ ಕೆಳಗಿರುವ ಹುರಿ ಬೆಳ್ಳಗಾಗುತ್ತದೆ. ಒಟ್ಟು ಗೇನ್ ಮುಟ್ಟಬೇಡಿ. ಟಿಜಿಸಿಯಲ್ಲಿ (ಒಂದೊಂದು ಆಳದ ಬೆಳಕನ್ನು ಬೇರೆಬೇರೆಯಾಗಿ ಹೊಂದಿಸುವ ಗುಂಡಿಗಳ ಸಾಲು) ಹುರಿ ಇರುವ ಆಳದ ಗುಂಡಿಗಳನ್ನು ಮಾತ್ರ ಕೆಳಗಿಳಿಸಿ.

ಆ ಇನ್ನೊಂದು ಗೆರೆ ಭ್ರಮೆಯೂ ಆಗಿರಬಹುದು. ಶಬ್ದ ಡ್ಯೂರಾಕ್ಕೆ ಬಡಿದು, ಪ್ರೋಬಿಗೆ ಬಂದು, ಮತ್ತೆ ಡ್ಯೂರಾಕ್ಕೆ ಹೋಗಿ ಬಂದರೆ ಎರಡು ಪಟ್ಟು ಆಳದಲ್ಲಿ ಸುಳ್ಳು ಗೆರೆ ಮೂಡುತ್ತದೆ. ಪ್ರೋಬನ್ನು 5 ಮಿಲಿಮೀಟರ್ ಮೇಲೆತ್ತಿ ನೋಡಿ: ನಿಜವಾದ ಗೆರೆ ಪರದೆಯಲ್ಲಿ 5 ಮಿಲಿಮೀಟರ್ ಕೆಳಗಿಳಿಯುತ್ತದೆ, ಸುಳ್ಳು ಗೆರೆ 10 ಇಳಿಯುತ್ತದೆ. ಹಾಗೆ 10 ಇಳಿದರೆ ಇನ್ನಷ್ಟು ಸಲೈನ್ ಹಾಕಿ ಪ್ರೋಬನ್ನು ಮೇಲೆಯೇ ಹಿಡಿಯಿರಿ, ಆ ಗೆರೆ ಹುರಿಯನ್ನು ದಾಟಿ ಆಚೆ ಹೋಗುತ್ತದೆ.

ಇನ್ನು ಗಾಳಿ ಗುಳ್ಳೆ, ಅದೂ ಚಿತ್ರ ಕೆಡಿಸುತ್ತದೆ. ಸಲೈನನ್ನು ರಭಸವಾಗಿ ಸುರಿಯಬೇಡಿ, ಅಂಚಿನಿಂದ ನಿಧಾನಕ್ಕೆ ಬಿಡಿ. ಪ್ರೋಬಿನ ಕವರಿನೊಳಗೆ ಜೆಲ್ ಹಾಕುವಾಗ ಗಾಳಿ ಉಳಿಯಬಾರದು. ರಕ್ತ ನಿಲ್ಲಿಸಲು ಇಟ್ಟ ಜೆಲ್‌ಫೋಮ್ ಸ್ಪಂಜಿನ ತುಂಡು ಬಿಟ್ಟಿದ್ದರೆ ತೆಗೆಯಿರಿ, ಅದೂ ಬೆಳ್ಳಗೆ ಹೊಳೆಯುತ್ತದೆ.

ನ್ಯೂರೋಪಿಜಿ:
ಸರ್, ಇವತ್ತು ನೋಡಿದೆ. ಆ ಗೆರೆ ದುಪ್ಪಟ್ಟೇ ಇಳಿಯಿತು! ಟಿಜಿಸಿ ಇಳಿಸಿದ ಮೇಲೆ ಹುರಿಯೂ ಕಪ್ಪಾಯಿತು. ಆದರೆ ಮುರಿದ ಜಾಗದಲ್ಲಿ ಒಂದು ಬಿಳಿ ತೇಪೆ ಉಳಿದಿದೆ, ಮಧ್ಯದ ಗೆರೆ ಅಲ್ಲಿ ಮಾತ್ರ ಇಲ್ಲ. ರಕ್ತದ ಹರಿವು ನೋಡಲು ಡಾಪ್ಲರ್ ಹಾಕಿದರೆ ಬರೀ ಬಣ್ಣದ ಮಿಂಚು.

ಶಬ್ದತರಂಗ:
ಹಾಗಾದರೆ ಈಗ ನಂಬಬಹುದು. ಸೆಟ್ಟಿಂಗ್ ಬದಲಿಸದೆ ಪೆಟ್ಟು ಬೀಳದ ಮೇಲಿನ ಭಾಗಕ್ಕೆ ಪ್ರೋಬ್ ಸರಿಸಿ. ಅಲ್ಲಿ ಮಧ್ಯದ ಗೆರೆ ಚೆನ್ನಾಗಿ ಕಂಡು, ಪೆಟ್ಟಾದಲ್ಲಿ ಮಾತ್ರ ಕಾಣದಿದ್ದರೆ ಅದು ರಕ್ತಸ್ರಾವ, ಊತದಿಂದ ಆಗಿರುವ ಸಾಧ್ಯತೆಯೇ ಜಾಸ್ತಿ. ಆಮೇಲೆ ಮುಖ್ಯವಾದದ್ದು, ಹುರಿಯ ಹಿಂದೆಯೂ ಮುಂದೆಯೂ ಸಿಎಸ್‌ಎಫ್‌ನ (ಹುರಿಯ ಸುತ್ತಲಿನ ದ್ರವ) ಕಪ್ಪು ಪಟ್ಟಿ ಇದೆಯಾ ನೋಡಿ. ಮುಂದೆ ಬಿಳಿ ಗೆರೆ, ಅದರ ಕೆಳಗೆ ಕಪ್ಪು ನೆರಳು ಇದ್ದು ಹುರಿ ಅದಕ್ಕೆ ಅಂಟಿಕೊಂಡಿದ್ದರೆ ಮೂಳೆ ಚೂರು ಇನ್ನೂ ಒತ್ತುತ್ತಿರಬಹುದು. ಗಾಯ ಮುಚ್ಚುವ ಮೊದಲೇ ನಿಮ್ಮ ಸರ್‌ಗೆ ತೋರಿಸಿ, ಇದೊಂದನ್ನು ಖಂಡಿತ ಬಿಡಬೇಡಿ.

ಡಾಪ್ಲರಿನಲ್ಲಿ ನಿಧಾನದ ಹರಿವು ಕಾಣಬೇಕಾದರೆ ಪಿಆರ್‌ಎಫ್ (ಸೆಕೆಂಡಿಗೆ ಎಷ್ಟು ಸಲ ಶಬ್ದ ಬಿಡುತ್ತದೆ ಅನ್ನುವುದು), ವಾಲ್ ಫಿಲ್ಟರ್ (ನಿಧಾನದ ಚಲನೆಯನ್ನು ಸೋಸಿ ತೆಗೆಯುವುದು) ಎರಡೂ ಇಳಿಸಿ, ಬಣ್ಣದ ಪೆಟ್ಟಿಗೆ ಚಿಕ್ಕದಿರಲಿ. ಆದರೆ ಇವನ್ನು ಇಳಿಸಿದಷ್ಟೂ ಅಲುಗಾಟದ ಮಿಂಚು ಜಾಸ್ತಿ. ಉಸಿರಾಟಕ್ಕೆ ಹುರಿ ಅಲುಗಿದರೂ ಮಿಂಚು ಬರುತ್ತದೆ, ಅನಸ್ತೇಷಿಯಾದವರು ಒಪ್ಪಿದರೆ ಕೆಲವು ಸೆಕೆಂಡ್ ವೆಂಟಿಲೇಟರ್ ನಿಲ್ಲಿಸಿ ನೋಡಿ. ಸಣ್ಣ ರಕ್ತನಾಳಗಳು ಬರೀ ಡಾಪ್ಲರಿಗೆ ಸಿಗುವುದು ಕಷ್ಟ. ಅದಕ್ಕೇ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇಲಿಗಳ ರಕ್ತಕ್ಕೆ ಸೂಕ್ಷ್ಮ ಗುಳ್ಳೆಗಳನ್ನು ಬಿಟ್ಟು, ಪೆಟ್ಟಾದ ಹುರಿಯಲ್ಲಿ ರಕ್ತ ಎಲ್ಲಿಗೆ ತಲುಪುತ್ತಿಲ್ಲ ಅಂತ ಅಲ್ಟ್ರಾಸೌಂಡಿನಲ್ಲೇ ತೋರಿಸಿದರು.

ಮಲೆನಾಡಿಗ:
ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಡೆ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬೀಳುವವರು ಇದ್ದಾರೆ. ಹತ್ತಿರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಬೆನ್ನ ಮೇಲೆ ಪ್ರೋಬ್ ಇಟ್ಟು ನೋಡಿದರೆ ಗೊತ್ತಾಗುತ್ತಾ?

ಶಬ್ದತರಂಗ:
ಇಲ್ಲ ಅಣ್ಣಾ. ದೊಡ್ಡವರಲ್ಲಿ ಮೂಳೆ ಶಬ್ದವನ್ನು ತಡೆದುಬಿಡುತ್ತದೆ, ಇಲ್ಲಿ ಮೂಳೆ ತೆಗೆದಿರುವುದರಿಂದಷ್ಟೇ ಹುರಿ ಚೆನ್ನಾಗಿ ಕಾಣುತ್ತಿರುವುದು. ಕೆಲವೇ ತಿಂಗಳ ಕೂಸುಗಳಿಗಾದರೆ ಆಗುತ್ತದೆ, ಅವರ ಬೆನ್ನುಮೂಳೆಯ ಹಿಂಭಾಗ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮರದಿಂದ ಬಿದ್ದವರನ್ನು ಕೂರಿಸಬೇಡಿ, ಬಗ್ಗಿಸಬೇಡಿ. 108ಕ್ಕೆ ಫೋನ್ ಮಾಡಿ. ಎತ್ತಲೇಬೇಕಾದರೆ ನಾಲ್ಕೈದು ಜನ ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆ ಮೇಲೆ ಮಲಗಿಸಿ, ಸಿಟಿ ಮತ್ತು ಎಮ್‌ಆರ್‌ಐ ಎರಡೂ ಇರುವ ಆಸ್ಪತ್ರೆಗೇ ಸೀದಾ ಕರೆದೊಯ್ಯಿರಿ.