ದೇವಿಯರ ಕಥೆ ನೆಟ್‌ನಲ್ಲಿ ಎಲ್ಲಿ ಓದುವುದು: ಪುಟ್ಟಿಗೆ ಅತ್ತೆಯ ಉತ್ತರ

ಪುಟ್ಟಿ, ಮನೆಯವರ ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ತೋಟದಲ್ಲಿ ಕೆಲಸದವರಿದ್ದರು, ಆಗ ಉತ್ತರ ಕೊಡಲು ಆಗಲಿಲ್ಲ. ಈಗ ಕೂತು ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಬೇಕಾದವರು ನಿಧಾನಕ್ಕೆ ಕೇಳಿ.

ನೀನು ಕೇಳಿದ್ದು ಇಷ್ಟು. ಇನ್‌ಸ್ಟಾಗ್ರಾಂ ತೆರೆದರೆ ಸಾಕು, ವಿಕ್ಕಾ, ಪೇಗನ್, ಮಹಾಮಾತೆ, ಹುಣ್ಣಿಮೆ ಪೂಜೆ ಅಂತ ಬರುತ್ತಲೇ ಇರುತ್ತದೆ. ನಿನಗೆ ಕುತೂಹಲ. ಆದರೆ ಯಾವುದು ನಿಜ, ಯಾವುದು ಸುಮ್ನೆ ಕಟ್ಟಿದ್ದು ಅಂತ ತಿಳಿಯುತ್ತಿಲ್ಲ. ನಂಬಿ ಓದುವಂಥದ್ದು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀಯ. ಅದರ ಕೆಳಗೆ ದೊಡ್ಡಣ್ಣ, "ಇದೆಲ್ಲ ಮಾಟ ಮಂತ್ರ, ಇದರ ಸಹವಾಸ ಬೇಡ" ಅಂತ ಬರೆದಿದ್ದಾರೆ.

ದೊಡ್ಡಣ್ಣ, ನಿಮ್ಮ ಕಾಳಜಿ ನನಗೆ ಅರ್ಥ ಆಗುತ್ತದೆ. ಆದರೆ ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ. ದಸರಾ ಬಂದರೆ ಮಡಿಕೇರಿಯಲ್ಲಿ ಪಂಪಿನ ಕೆರೆಯಿಂದ ನಾಲ್ಕು ಶಕ್ತಿದೇವತೆಗಳ ಕರಗ ಹೊರಡುತ್ತದೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಪುಟ್ಟಿ ಚಿಕ್ಕವಳಿದ್ದಾಗ ನೀವೇ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕರಗ ತೋರಿಸುತ್ತಿದ್ದಿರಿ. ದೇವಿಯನ್ನು ನೋಡುತ್ತಲೇ ಬೆಳೆದವಳು, ಬೇರೆ ದೇಶದವರು ದೇವಿಯನ್ನು ಹೇಗೆ ಕಂಡರು ಅಂತ ಕೇಳಿದರೆ ಅದರಲ್ಲಿ ಹೆದರುವುದು ಏನೂ ಇಲ್ಲ.

ಈಗ ಪುಟ್ಟಿ, ನೀನು ಕೇಳು. ಆ ರೀಲ್‌ಗಳಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿ ಬೆರೆತಿವೆ. ಒಂದು, ಸಾವಿರಾರು ವರ್ಷ ಹಿಂದಿನ ದೇವಿಯರ ಕಥೆ, ಹಾಡು, ಮೂರ್ತಿ. ಇನ್ನೊಂದು, ಆ ಹಳೆಯ ದೇವದೇವಿಯರ ಹೆಸರಿನಲ್ಲಿ ಇವತ್ತು ಇಂಗ್ಲೆಂಡ್, ಅಮೆರಿಕದಲ್ಲಿ ಜನ ನಡೆಸುತ್ತಿರುವ ಹೊಸ ಪಂಥಗಳು. ಪೇಗನ್, ವಿಕ್ಕಾ ಅನ್ನುವುದು ಇವನ್ನೇ. ಎರಡನ್ನೂ ಓದು. ಆದರೆ ಬೇರೆ ಬೇರೆಯಾಗಿ ಓದು, ಹಳೆಯದರಿಂದ ಶುರು ಮಾಡು. ಬೇರೆಯವರ ವಿವರಣೆಗೆ ಹೋಗುವ ಮೊದಲು ಕಥೆಯನ್ನೇ ಓದಬೇಕು.

ಅದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸುಮೇರಿಯನ್ ಸಾಹಿತ್ಯದ ಸಂಗ್ರಹ. ಇಟಿಸಿಎಸ್‌ಎಲ್ ಅಂತ ಹುಡುಕಿದರೆ ಸಿಗುತ್ತದೆ. ಈಗಿನ ಇರಾಕ್‌ನ ನೆಲದಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಿಂದ ಓದಿ ತೆಗೆದ ಸುಮಾರು 400 ಕೃತಿಗಳು ಅಲ್ಲಿವೆ. ಮೂಲವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ದುಡ್ಡು ಕೊಡಬೇಕಾಗಿಲ್ಲ. ನೋಡಲು ಹಳೇ ಕಾಲದ ಪುಟ, ಚಿತ್ರ ಗಿತ್ರ ಇಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಅಲ್ಲಿ ಇನಾನ್ನಾ ದೇವಿ ಪಾತಾಳಕ್ಕೆ ಇಳಿದ ಕಥೆ ಇದೆ. ಅದನ್ನೇ ಮೊದಲು ಓದು. ಅವಳು ಸ್ವರ್ಗದ ರಾಣಿ. ಪಾತಾಳದಲ್ಲಿ ಅಕ್ಕ ಎರೆಶ್ಕಿಗಲ್ ಆಳುತ್ತಿದ್ದಾಳೆ. ಇನಾನ್ನಾ ಕಿರೀಟ ಇಟ್ಟು, ಮಣಿಸರ ಹಾಕಿ, ರಾಣಿಯ ಉಡುಪು ಉಟ್ಟು ಹೊರಡುತ್ತಾಳೆ. ಏಳು ಬಾಗಿಲು. ಪ್ರತಿ ಬಾಗಿಲಲ್ಲೂ ಒಂದೊಂದನ್ನು ಕಳಚುತ್ತಾರೆ. ಇದೇನು ಅಂತ ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ: ಸುಮ್ಮನಿರು, ಇಲ್ಲಿನ ಕಟ್ಟಳೆ ಹೀಗೇ. ಕೊನೆಗೆ ಮೈಮೇಲೆ ಬಟ್ಟೆಯೂ ಇರುವುದಿಲ್ಲ. ಅವಳನ್ನು ಹೆಣ ಮಾಡಿ ಕೊಕ್ಕೆಗೆ ನೇತು ಹಾಕುತ್ತಾರೆ.

ಮುಂದಿನ ಭಾಗ ಇನ್ನೂ ದೊಡ್ಡದು. ಇನಾನ್ನಾಳ ಸೇವಕಿ ನಿನ್ಶುಬುರ್ ಅಳುತ್ತಾ ದೇವರಿಂದ ದೇವರಿಗೆ ಹೋಗುತ್ತಾಳೆ. ಇಬ್ಬರು ಆಗುವುದಿಲ್ಲ ಅನ್ನುತ್ತಾರೆ. ಎನ್ಕಿ ಮಾತ್ರ ತನ್ನ ಉಗುರಿನ ಕೊಳೆಯಿಂದ ಎರಡು ಪುಟ್ಟ ಜೀವಗಳನ್ನು ಮಾಡಿ ಕೆಳಗೆ ಕಳಿಸುತ್ತಾನೆ. ಅಲ್ಲಿ ಎರೆಶ್ಕಿಗಲ್ ನೋವಿನಿಂದ ನರಳುತ್ತಾ ಬಿದ್ದಿದ್ದಾಳೆ. ಅವು ಯುದ್ಧ ಮಾಡುವುದಿಲ್ಲ. ಅವಳು ಅಯ್ಯೋ ನನ್ನ ಎದೆ ಅಂದರೆ, ಅಯ್ಯೋ ನಿನ್ನ ಎದೆ ಅನ್ನುತ್ತವೆ. ಅವಳ ನೋವಿಗೆ ದನಿಗೂಡಿಸುತ್ತವೆ ಅಷ್ಟೇ. ಅದಕ್ಕೇ ಅವಳು ಕರಗಿ ಏನು ಬೇಕು ಕೇಳಿ ಅನ್ನುತ್ತಾಳೆ. ಕೊಕ್ಕೆಯಲ್ಲಿರುವ ಹೆಣ ಕೊಡು ಅನ್ನುತ್ತವೆ. ಇನಾನ್ನಾ ಬದುಕಿ ಬರುತ್ತಾಳೆ. ಆದರೆ ಅವಳ ಬದಲು ಒಬ್ಬರು ಪಾತಾಳಕ್ಕೆ ಹೋಗಲೇಬೇಕು. ಮೇಲೆ ಬಂದು ನೋಡಿದರೆ ಗಂಡ ದುಮುಜಿ ದುಃಖವೇ ಇಲ್ಲದೆ ಸಿಂಹಾಸನದಲ್ಲಿ ಕೂತಿದ್ದಾನೆ. ಇವನನ್ನೇ ಕರೆದುಕೊಂಡು ಹೋಗಿ ಅನ್ನುತ್ತಾಳೆ.

ಮೂರೂವರೆ ಸಾವಿರ ವರ್ಷಕ್ಕಿಂತ ಹಳೆಯ ಹಲಗೆಗಳ ಮೇಲೆ ಈ ಕಥೆ ಇದೆ. ಈಗ ನೀನು ನೋಡಿದ ರೀಲ್ ನೆನಪು ಮಾಡಿಕೋ. ಇನಾನ್ನಾ ಅಂದರೆ ಆತ್ಮವಿಶ್ವಾಸದ ದೇವಿ, ಈ ಬಣ್ಣದ ಮೇಣದಬತ್ತಿ ಹಚ್ಚಿ ಅಂತ ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಆ ನೋವು, ಆ ಕೋಪ, ಆ ಸೇವಕಿಯ ನಿಷ್ಠೆ ಎಲ್ಲಿ ಹೋಯಿತು?

ಅದೇ ಸಂಗ್ರಹದಲ್ಲಿ ಎನ್‌ಹೆದುಆನ್ನಾ ಹೆಸರಿನಲ್ಲಿರುವ ಹಾಡನ್ನೂ ನೋಡು. ಅವಳು ರಾಜ ಸಾರ್ಗೋನನ ಮಗಳು, ಊರ್ ಪಟ್ಟಣದ ಚಂದ್ರದೇವರ ಅರ್ಚಕಿ. ಸುಮಾರು 4300 ವರ್ಷ ಹಿಂದಿನವಳು. ತನ್ನನ್ನು ಗುಡಿಯಿಂದ ಓಡಿಸಿದಾಗ ಇನಾನ್ನಾಳ ಹತ್ತಿರ ಮೊರೆ ಇಡುವ ಹಾಡು ಅದು. ಅವಳೇ ಬರೆದಳೇ ಅಂತ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೆ ಅವಳು ಇದ್ದದ್ದು ನಿಜ. 1927ರಲ್ಲಿ ಲಿಯೊನಾರ್ಡ್ ವುಲಿ ಊರ್‌ನಲ್ಲಿ ಅಗೆದಾಗ ಅವಳ ಚಿತ್ರ ಕೆತ್ತಿದ ದುಂಡನೆಯ ಕಲ್ಲು ಸಿಕ್ಕಿತು. ಲೋಕದಲ್ಲಿ ಹೆಸರು ಉಳಿದಿರುವ ಮೊದಲ ಕವಿ ಒಬ್ಬ ಹೆಂಗಸು ಅಂತ ಬಹಳ ಜನ ಹೇಳುವುದು ಇವಳ ಬಗ್ಗೆಯೇ.

ಗ್ರೀಕ್ ದೇವಿಯರಿಗೆ ಥಿಯೊಯ್ ಅಂತ ಒಂದು ಜಾಲತಾಣ ಇದೆ. ಅಥೀನಾ, ಹೆಕಟೆ, ಡಿಮೀಟರ್, ಯಾರ ಹೆಸರು ಒತ್ತಿದರೂ ಹಳೆಯ ಕವಿಗಳು ಅವರ ಬಗ್ಗೆ ಏನು ಹೇಳಿದ್ದರು ಅಂತ ಸಾಲು ಸಮೇತ ಕೊಡುತ್ತಾರೆ. ಯಾವ ಕೃತಿಯಿಂದ ತೆಗೆದದ್ದು ಅಂತಲೂ ಪಕ್ಕದಲ್ಲೇ ಇರುತ್ತದೆ. ಸೇಕ್ರೆಡ್ ಟೆಕ್ಸ್ಟ್ಸ್ ಅಂತ ಇನ್ನೊಂದು, 1999ರಿಂದ ಇದೆ. ಎಲ್ಲ ಧರ್ಮದ ಪುಸ್ತಕಗಳೂ ಅಲ್ಲಿವೆ. ಹಳೇ ಮನೆಯ ಅಟ್ಟದ ಹಾಗೆ ಅದು. ಬೆಲೆಬಾಳುವ ಸಾಮಾನೂ ಇದೆ, ಎಸೆಯಬೇಕಾದದ್ದೂ ಇದೆ. ಕಾಪಿರೈಟ್ ಮುಗಿದ ಪುಸ್ತಕಗಳೇ ಜಾಸ್ತಿ. ಹಾಗಾಗಿ ನೂರು ವರ್ಷ ಹಿಂದಿನ ಅನುವಾದ, ನೂರು ವರ್ಷ ಹಿಂದಿನ ಅಭಿಪ್ರಾಯ. ಪುಸ್ತಕ ಯಾವ ವರ್ಷದ್ದು ಅಂತ ನೋಡದೆ ಓದಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಅಂಥ ಹಳೆಯ ಪುಸ್ತಕಗಳಿಂದಲೇ ಹೊಸ ಪಂಥದ ಕಥೆ ಶುರು ಆಗುತ್ತದೆ. 1921ರಲ್ಲಿ ಮಾರ್ಗರೆಟ್ ಮರ್ರೆ ಅನ್ನುವವರು ಒಂದು ಪುಸ್ತಕ ಬರೆದರು. ಯುರೋಪಿನಲ್ಲಿ ಮಾಟಗಾತಿ ಅಂತ ಕೊಂದವರೆಲ್ಲ ಕ್ರೈಸ್ತ ಧರ್ಮಕ್ಕಿಂತ ಹಳೆಯ ಒಂದು ಧರ್ಮವನ್ನು ಗುಟ್ಟಾಗಿ ಪಾಲಿಸುತ್ತಿದ್ದರು ಅಂತ ಅವರ ವಾದ. ಇತಿಹಾಸಕಾರರು ಅದನ್ನು ಒಪ್ಪಲಿಲ್ಲ, ಆಧಾರ ಇಲ್ಲ. ಆದರೆ ಆ ವಾದ ಜನರ ಮನಸ್ಸಿನಲ್ಲಿ ಉಳಿಯಿತು. ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧ ಇದ್ದ 1735ರ ಕಾನೂನನ್ನು 1951ರಲ್ಲಿ ತೆಗೆದರು. 1954ರಲ್ಲಿ ಜೆರಾಲ್ಡ್ ಗಾರ್ಡನರ್ ಅನ್ನುವವರು, ಆ ಹಳೆಯ ಧರ್ಮ ಇನ್ನೂ ಬದುಕಿದೆ, ನಾನೂ ಅದರಲ್ಲಿದ್ದೇನೆ ಅಂತ ಪುಸ್ತಕ ತಂದರು. ಅದೇ ಇವತ್ತಿನ ವಿಕ್ಕಾ. ದೊಡ್ಡಣ್ಣ, ಗಾರ್ಡನರ್ ಚಿಕ್ಕ ವಯಸ್ಸಿನಲ್ಲಿ ಸಿಲೋನಿನ ಟೀ ತೋಟದಲ್ಲಿ, ಆಮೇಲೆ ಮಲಯಾದ ರಬ್ಬರ್ ತೋಟದಲ್ಲಿ ಕೆಲಸ ಮಾಡಿದ ಮನುಷ್ಯ. ನಮ್ಮ ಕಡೆಯ ಹಳೇ ತೋಟದ ದೊರೆಗಳ ಕಾಲದವರೇ.

ಕನ್ಯೆ, ತಾಯಿ, ಮುದುಕಿ ಅಂತ ಚಂದ್ರನ ಜೊತೆ ತೋರಿಸುವ ಮೂರು ರೂಪದ ದೇವಿ ಇದ್ದಾಳಲ್ಲ, ಅದನ್ನು ಆ ರೂಪಕ್ಕೆ ತಂದು ಜನಪ್ರಿಯ ಮಾಡಿದ್ದು ರಾಬರ್ಟ್ ಗ್ರೇವ್ಸ್ ಅನ್ನುವ ಕವಿ, 1948ರಲ್ಲಿ. ವರ್ಷಕ್ಕೆ ಎಂಟು ಹಬ್ಬದ ಚಕ್ರ ಪೂರ್ತಿ ಜೋಡಣೆ ಆದದ್ದು 1950ರ ದಶಕದಲ್ಲಿ. ಹಬ್ಬಗಳಲ್ಲಿ ಕೆಲವು ನಿಜವಾಗಿ ಹಳೆಯವು, ಜೋಡಣೆ ಹೊಸದು. ರೊನಾಲ್ಡ್ ಹಟನ್ ಅನ್ನುವ ಇತಿಹಾಸಕಾರರು 1999ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದರು. ಅವರ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿವೆ, ಕೇಳಲು ಬಹಳ ಚೆನ್ನಾಗಿವೆ.

ಹೊಸದು ಅಂದ ಮಾತ್ರಕ್ಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ನಂಬಿಕೆ ಎಷ್ಟು ಹಳೆಯದು ಅನ್ನುವುದರ ಮೇಲೆ ಭಕ್ತಿಯ ಬೆಲೆ ನಿಂತಿಲ್ಲ. 1970ರ ದಶಕದಲ್ಲಿ ಅಮೆರಿಕದ ಹೆಂಗಸರು ದೇವರನ್ನು ತಾಯಿ ಅಂತ ಕರೆಯಲು ಶುರು ಮಾಡಿದಾಗ ಅವರಿಗೆ ಅದು ದೊಡ್ಡ ಬಿಡುಗಡೆ. ಹುಟ್ಟಿದಾಗಿನಿಂದ ದೇವರು ಅಂದರೆ ತಂದೆ ಅಂತಲೇ ಕೇಳಿದವರು ಅವರು. ನಮಗೆ ಅಮ್ಮ ಅನ್ನುವುದು ಸಹಜ, ಅವರಿಗೆ ಅದನ್ನು ಗಳಿಸಬೇಕಾಯಿತು. ಆ ಹಸಿವನ್ನು ಗೌರವದಿಂದ ನೋಡು. ಆದರೆ ಐವತ್ತು ವರ್ಷದ್ದನ್ನು ಐದು ಸಾವಿರ ವರ್ಷದ್ದು ಅಂತ ಯಾರಾದರೂ ಹೇಳಿದರೆ ಒಪ್ಪಬೇಡ.

ನಾಲ್ಕು ದಿನ ಹುಡುಕಿದರೆ ನಿನಗೆ ಎದುರಾಗುವ ಮಾತುಗಳು ಕೆಲವು ಇವೆ. ತೊಂಬತ್ತು ಲಕ್ಷ ಮಾಟಗಾತಿಯರನ್ನು ಸುಟ್ಟರು ಅಂತ ಬರುತ್ತದೆ. ಈಗಿನ ಇತಿಹಾಸಕಾರರ ಅಂದಾಜು 40,000ದಿಂದ 60,000. ಅದೇ ಸಾಕಷ್ಟು ಭಯಂಕರ ಅಲ್ವಾ, ಉಬ್ಬಿಸುವ ಅಗತ್ಯ ಏನು? ಈಸ್ಟರ್ ಹಬ್ಬ ಇಶ್ತಾರ್ ದೇವಿಯಿಂದ (ಇನಾನ್ನಾಳ ಇನ್ನೊಂದು ಹೆಸರು) ಬಂತು ಅಂತ ಬರುತ್ತದೆ. ಅದು ತಪ್ಪು. ಲೋಕದಲ್ಲೆಲ್ಲ ಮೊದಲು ಹೆಂಗಸರದ್ದೇ ಆಳ್ವಿಕೆ ಇತ್ತು ಅಂತ ಬರುತ್ತದೆ. ಅದಕ್ಕೆ ಟರ್ಕಿಯ ಚಾತಾಲ್‌ಹ್ಯೂಯುಕ್ ಅನ್ನುವ ಶಿಲಾಯುಗದ ಊರಿನ ಮೂರ್ತಿಗಳನ್ನು ತೋರಿಸುತ್ತಾರೆ. 1990ರ ದಶಕದಿಂದ ಪುರಾತತ್ವಜ್ಞ ಇಯಾನ್ ಹಾಡರ್ ಅವರ ತಂಡ ಅಲ್ಲಿ ಮತ್ತೆ ಅಗೆಯಿತು. ಹೆಣ್ಣಾಳ್ವಿಕೆಗೆ ಸಾಕ್ಷಿ ಸಿಗಲಿಲ್ಲ. ಗಂಡು ಹೆಣ್ಣು ಹೆಚ್ಚು ಕಡಿಮೆ ಸಮಾನವಾಗಿ ಬಾಳಿದ್ದಕ್ಕೆ ಗುರುತು ಸಿಕ್ಕಿತು. ನನಗಂತೂ ಅದು ಇನ್ನೂ ದೊಡ್ಡ ವಿಷಯ.

ಇವತ್ತು ಈ ನಂಬಿಕೆ ಪಾಲಿಸುವವರು ಹೇಗೆ ಬದುಕುತ್ತಾರೆ ಅಂತ ತಿಳಿಯಲು ವೈಲ್ಡ್ ಹಂಟ್ ಅನ್ನುವ ಸುದ್ದಿ ತಾಣ ಓದು. ಅವರೇ ನಡೆಸುವುದು. ತಮ್ಮೊಳಗಿನ ಜಗಳ, ತಪ್ಪುಗಳನ್ನೂ ಬರೆಯುತ್ತಾರೆ. ವಿಡಿಯೋ ಬೇಕಾದರೆ ಆಂಜೆಲಾಸ್ ಸಿಂಪೋಸಿಯಂ ಅನ್ನುವ ಚಾನೆಲ್. ಇದೇ ವಿಷಯದಲ್ಲಿ ಸಂಶೋಧನೆ ಮಾಡಿದವರು ನಡೆಸುತ್ತಾರೆ. ಐಸ್‌ಲ್ಯಾಂಡ್‌ನಲ್ಲಿ ಉತ್ತರ ಯುರೋಪಿನ ಹಳೆಯ ನಾರ್ಸ್ ದೇವರುಗಳ ಪೂಜೆಗೆ 1972ರಲ್ಲಿ ಸಂಘ ಕಟ್ಟಿದರು, 1973ರಲ್ಲಿ ಸರಕಾರವೇ ಮಾನ್ಯತೆ ಕೊಟ್ಟಿತು. ದೊಡ್ಡಣ್ಣ, ಇದರಲ್ಲಿ ಮಾಟ ಗೀಟ ಹುಡುಕಿದರೂ ಸಿಗುವುದಿಲ್ಲ.

ದೊಡ್ಡಣ್ಣ ಹೇಳಿದ್ದರಲ್ಲಿ ಒಂದು ಮಾತನ್ನು ಮಾತ್ರ ನಾನೂ ಹೇಳುತ್ತೇನೆ. ದೀಕ್ಷೆ ಕೊಡುತ್ತೇವೆ, ಶಾಪ ತೆಗೆಯುತ್ತೇವೆ ಅಂತ ದುಡ್ಡು ಕೇಳುವವರು, ಹುಟ್ಟಿದ ಸಮಯ, ಫೋಟೋ ಕಳಿಸು ಅನ್ನುವವರು ಬಂದರೆ ಆ ಕ್ಷಣವೇ ಬ್ಲಾಕ್ ಮಾಡು.

ಇನ್ನೊಂದು ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ. ನೀನು ಓದುತ್ತಾ ಹೋದಂತೆ, ಎಲ್ಲ ದೇವಿಯರೂ ಒಬ್ಬಳೇ ಅನ್ನುವ ಮಾತು ಬರುತ್ತದೆ. ದೇವಿ ಮಹಾತ್ಮೆಯಲ್ಲೂ ಅದಿದೆ. 700 ಶ್ಲೋಕದ ಆ ಕೃತಿ ಮಾರ್ಕಂಡೇಯ ಪುರಾಣದ ಭಾಗ, ಅಲ್ಲಿ ಎಲ್ಲ ಶಕ್ತಿಗಳೂ ಕೊನೆಗೆ ಒಬ್ಬಳಲ್ಲೇ ಸೇರುತ್ತವೆ. ಅದು ಭಕ್ತಿಯ ಒಳಗಿಂದ ಬಂದ ಮಾತು. ಆದರೆ ಹೊರಗಿನವರು ಕಾಳಿ, ಹೆಕಟೆ, ಇನಾನ್ನಾ ಎಲ್ಲರನ್ನೂ ಒಂದೇ ಪಟ್ಟಿಗೆ ಹಾಕಿ ಕತ್ತಲ ದೇವಿ ಅಂತ ಚೀಟಿ ಅಂಟಿಸುವುದು ಬೇರೆ. ನಮ್ಮ ಕಾವೇರಿಯನ್ನು ಹಾಗೆ ಮಾಡಿದರೆ ಏನು ಉಳಿಯುತ್ತದೆ ಹೇಳು? ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥ ಉಕ್ಕುವುದನ್ನು ಕಾಯುತ್ತೇವೆ. ಮನೆಯಲ್ಲಿ ಕಣಿ ಪೂಜೆಗೆ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ಪಟ್ಟೆ ಉಡಿಸಿ, ಒಡವೆ ತೊಡಿಸಿ, ಅವಳೇ ಬಂದಳು ಅಂತ ಕೈ ಮುಗಿಯುತ್ತೇವೆ. ಗಂಡ ಅಗಸ್ತ್ಯರು ಮಾತು ತಪ್ಪಿದಾಗ ಅವಳು ಹರಿದು ಹೊರಟಳು. ಬಲಮುರಿಯಲ್ಲಿ ಹೆಂಗಸರು ತಡೆಯಲು ನಿಂತರು, ನೀರಿನ ರಭಸಕ್ಕೆ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು. ಇವತ್ತಿಗೂ ಕೊಡವ ಹೆಂಗಸರು ನೆರಿಗೆ ಹಿಂದಕ್ಕೇ ಹಾಕುತ್ತಾರೆ. ಅವಳಿಗೆ ಊರಿದೆ, ಗಂಡನ ಮನೆಯ ಜಗಳ ಇದೆ, ಸಿಟ್ಟಿದೆ. ಇನಾನ್ನಾಗೂ ಹಾಗೇ ಅವಳದೇ ಊರಿತ್ತು, ಉರುಕ್. ಯಾವ ದೇವಿಯನ್ನು ಓದಿದರೂ ಅವಳ ಊರು, ನದಿ, ಪೂಜೆ ಮಾಡಿದ ಜನ ಯಾರು ಅಂತ ಹುಡುಕು.

ನಮ್ಮ ಕಡೆಯದಕ್ಕೆ ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆ ಇದೆ. ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಕೊಡವರ ಹಾಡು, ಪದ್ಧತಿ ಎಲ್ಲ ಸಂಗ್ರಹಿಸಿ 1924ರಲ್ಲಿ ತಂದರು. ದೇವರ ಹಾಡುಗಳೂ ಅದರಲ್ಲಿವೆ. ಮೊಮ್ಮಕ್ಕಳು ಮಾಡಿದ ಇಂಗ್ಲಿಷ್ ಅನುವಾದ 2003ರಲ್ಲಿ ಬಂತು. ಕನ್ನಡದ ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಹುಡುಕು, ಸ್ಕ್ಯಾನ್ ಮಾಡಿದ್ದು ಬೇಕಾದಷ್ಟು ಇದೆ. ಮತ್ತೆ ನಿನ್ನ ಅಜ್ಜಿಗೆ ಗೊತ್ತಿರುವ ಕಾವೇರಿ ಹಾಡು ಎಲ್ಲೂ ಇಲ್ಲ, ನಾನು ಹುಡುಕಿದ್ದೇನೆ. ಸಂಕ್ರಮಣಕ್ಕೆ ಬಂದಾಗ ಅದನ್ನು ಪೂರ್ತಿ ರೆಕಾರ್ಡ್ ಮಾಡಿ ಬರೆದಿಡುವ ಕೆಲಸ ನಿನ್ನದು. ಅಜ್ಜಿಯ ಹತ್ತಿರ ಈಗಲೇ ಹೇಳಿದ್ದೇನೆ, ಖುಷಿಯಿಂದ ಒಪ್ಪಿದ್ದಾರೆ.

ಲಿಂಕ್‌ಗಳನ್ನು ರಾತ್ರಿ ನಿನಗೇ ಬೇರೆಯಾಗಿ ಕಳಿಸುತ್ತೇನೆ, ಇಲ್ಲಿ ಮಳೆಗೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದೆ. ಇನಾನ್ನಾಳ ಕಥೆ ಓದಿ ಮುಗಿಸಿದ ಮೇಲೆ ಫೋನ್ ಮಾಡು. ಎರೆಶ್ಕಿಗಲ್ ನರಳುವ ಜಾಗದಲ್ಲಿ ನಿನಗೆ ಏನು ಅನ್ನಿಸಿತು ಅಂತ ಕೇಳಬೇಕು. ದೊಡ್ಡಣ್ಣ, ಅದೊಂದು ಕಥೆಯನ್ನು ಕನ್ನಡದಲ್ಲಿ ಬರೆದು ನಿಮಗೂ ಕಳಿಸುತ್ತೇನೆ, ಓದಿ ನೋಡಿ.